ಬಜೆಟ್ ಇಲ್ಲ ಎಂಬ ಗೌರವಾನ್ವಿತ ನೆಪ

ಮುಂಬೈ ಕನ್ನಡಿಗರಲ್ಲಿ ಕಥೆ ಬರೆಯುವವರಿದ್ದಾರೆ, ಕವಿತೆ ಓದುವವರಿದ್ದಾರೆ, ಯಕ್ಷಗಾನಕ್ಕೆ ಗೆಜ್ಜೆ ಕಟ್ಟುವವರಿದ್ದಾರೆ, ವರ್ಷಕ್ಕೊಂದು ನಾಟಕಕ್ಕೆ ಬಣ್ಣ ಹಚ್ಚುವವರಿದ್ದಾರೆ. ಅಂಧೇರಿ, ಗೋರೆಗಾಂವ್, ಮಲಾಡ್ ಕಡೆಯ ಸ್ಟುಡಿಯೋಗಳಲ್ಲಿ ದಿನಕ್ಕೆ ಹತ್ತು ಗಂಟೆ ಕೂತು ಯಾವುದೋ ದೇಶದ ಮೊಲಕ್ಕೆ ಮೀಸೆ ಬಿಡಿಸುವ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ಆದರೆ ಈ ಊರಿನ ಕನ್ನಡದ ಬದುಕನ್ನು ಹೇಳುವ, ಒಬ್ಬರೇ ಕೂತು ಮಾಡಿದ, ಮೂರು ನಿಮಿಷದ ಒಂದು ಅನಿಮೇಶನ್ ಚಿತ್ರ ತೋರಿಸಿ ಎಂದರೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಯಾಕೆ ಮಾಡಿಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ. ಒಂದು, ಬಜೆಟ್ ಇಲ್ಲ. ಎರಡು, ಅಷ್ಟು ಸ್ಕಿಲ್ ಇಲ್ಲ.

ಎರಡೂ ನಿಜ. ಎರಡೂ ಕಾರಣವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಕಾಲನ್ನೇ ಚಾಚಬೇಡ ಎಂದಿರಲಿಲ್ಲ. ನಾವು ಆ ಗಾದೆಯನ್ನು ಅರ್ಧಕ್ಕೆ ಕೇಳಿಸಿಕೊಂಡು ಮಡಚಿ ಮಲಗಿದ್ದೇವೆ. ಕಥೆ ಕವಿತೆಗಳ ವಿಷಯದಲ್ಲಿ ನಾವು ಎಂದೂ ಹೇಳದ ಈ ನೆಪವನ್ನು ಚಲಿಸುವ ಚಿತ್ರದ ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ಗೌರವದಿಂದ ಹೇಳುತ್ತೇವೆ? ನನ್ನ ತಕರಾರು ಇಷ್ಟೇ: ಒಬ್ಬರೇ ಮಾಡುವ ಸಣ್ಣ ಅನಿಮೇಶನ್ ಚಿತ್ರ ಸಿನಿಮಾ ಉದ್ಯಮದ ಬಡ ತಮ್ಮನಲ್ಲ, ಅದು ಸಣ್ಣಕಥೆಯ ಒಡಹುಟ್ಟು. ಅದನ್ನು ಬರೆಯುವ ಹಾಗೆ ಮಾಡಬೇಕು, ಓದುವ ಹಾಗೆ ನೋಡಬೇಕು. ಹಾಗೆ ಮಾಡದೆ ಇರುವುದರಿಂದ ನಾವು ಕಳೆದುಕೊಳ್ಳುತ್ತಿರುವುದು ಸಣ್ಣದಲ್ಲ.

ಈ ಊರಿನ ಚರಿತ್ರೆಯಿಂದಲೇ ಶುರು ಮಾಡೋಣ. ಭಾರತದ ಸಿನಿಮಾ ಹುಟ್ಟಿದ್ದೇ ಮುಂಬೈಯಲ್ಲಿ ಎಂದು ಎಲ್ಲರೂ ಹೇಳುತ್ತೇವೆ. 1913ರ ಮೇ 3ರಂದು ಗಿರ್‌ಗಾಂವ್‌ನ ಕೊರೊನೇಶನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ತೆರೆ ಕಂಡದ್ದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಚಿತ್ರಕ್ಕೆ ದುಡ್ಡು ಹುಟ್ಟಿದ್ದು ಹೇಗೆ ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಲಂಡನ್ನಿಗೆ ಹೋಗಿ ವಿಲಿಯಮ್‌ಸನ್ ಕ್ಯಾಮೆರಾ ತಂದಿದ್ದ ದಾದಾಸಾಹೇಬ್ ಫಾಲ್ಕೆಯವರ ಕೈಯಲ್ಲಿ ಆಗ ಬಂಡವಾಳ ಇರಲಿಲ್ಲ. ಅವರು ಮಾಡಿದ್ದೇನು? ಒಂದು ಕುಂಡದಲ್ಲಿ ಬಟಾಣಿ ಕಾಳು ಬಿತ್ತಿದರು. ಅದರೆದುರು ಕ್ಯಾಮೆರಾ ಇಟ್ಟು ದಿನಕ್ಕೆ ಒಂದೊಂದೇ ಫ್ರೇಮ್‌ನಂತೆ ಒಂದು ತಿಂಗಳಿಗೂ ಮೀರಿ ಚಿತ್ರಿಸಿದರು. ಕಾಳು ಒಡೆದು, ಮೊಳೆತು, ಬಳ್ಳಿಯಾಗಿ ಏಳುವುದು ಒಂದು ನಿಮಿಷದ ಆಸುಪಾಸಿನಲ್ಲಿ ಕಣ್ಣೆದುರು ನಡೆದುಹೋಗುವ ಆ ತುಣುಕನ್ನು ಪರಿಚಯದವರಿಗೆ ತೋರಿಸಿದರು. ಸಾಲ ಕೊಡಲು ಜನ ಮುಂದೆ ಬಂದದ್ದು ಅದನ್ನು ನೋಡಿದ ಮೇಲೆ.

ಅಂದರೆ ನಮ್ಮ ದೇಶದ ಇಡೀ ಸಿನಿಮಾ ಉದ್ಯಮ ನಿಂತಿರುವುದು ಮನೆಯಲ್ಲಿ ಕೂತು, ಹೂಕುಂಡ ಇಟ್ಟುಕೊಂಡು, ಫ್ರೇಮ್ ಫ್ರೇಮ್ ಆಗಿ ತೆಗೆದ ಒಂದು ಪುಟ್ಟ ಚಿತ್ರದ ಮೇಲೆ. ಚಿತ್ರ ಮೊದಲು ಬಂತು, ಬಜೆಟ್ ಆಮೇಲೆ ಬಂತು. ಮುಂದೆ 1915ರ ಸುಮಾರಿಗೆ ಅದೇ ಫಾಲ್ಕೆ ಬೆಂಕಿಕಡ್ಡಿಗಳನ್ನೇ ಕುಣಿಸಿ ಇನ್ನೊಂದು ಕಿರುಚಿತ್ರ ಮಾಡಿದರು. ಒಂದು ಬೆಂಕಿಪೊಟ್ಟಣಕ್ಕೆ ಎಷ್ಟು ಬಜೆಟ್ ಬೇಕು? ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಫಾಲ್ಕೆ ಒಬ್ಬಂಟಿಯಾಗಿ ಮಾಡಿದರು ಎನ್ನುವಾಗ ಅವರ ಹೆಂಡತಿ ಸರಸ್ವತೀಬಾಯಿಯವರನ್ನು ಮರೆಯುತ್ತೇವೆ. ಮನೆಕೆಲಸ ಮುಗಿಸಿ ಫಿಲ್ಮಿಗೆ ತೂತು ಹೊಡೆಯುವುದು, ತೊಳೆಯುವುದು, ಜೋಡಿಸುವುದು ಎಲ್ಲವನ್ನೂ ಕಲಿತು ಮಾಡಿದವರು ಆಕೆ. ಆಕೆಗೂ ಯಾವ ಕೋರ್ಸಿನ ಸರ್ಟಿಫಿಕೇಟೂ ಇರಲಿಲ್ಲ.

ಅದು ನೂರು ವರ್ಷದ ಹಿಂದಿನ ಕಥೆ ಎನ್ನುತ್ತೀರಾ? ಸರಿ, ನಮ್ಮ ಕಾಲಕ್ಕೇ ಬನ್ನಿ. ಜೆ.ಜೆ. ಕಲಾಶಾಲೆಯಲ್ಲಿ ಓದಿ, ರಾಮ್ ಮೋಹನ್ ಅವರ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಲೇ ಅನಿಮೇಶನ್ ಕಲಿತ ಗೀತಾಂಜಲಿ ರಾವ್, ಈ ಮುಂಬೈಯಲ್ಲೇ ಕೂತು 'ಪ್ರಿಂಟೆಡ್ ರೇನ್‌ಬೋ' ಮಾಡಿದರು. ಒಬ್ಬಂಟಿ ಮುದುಕಿ, ಅವಳ ಬೆಕ್ಕು, ಬೆಂಕಿಪೊಟ್ಟಣಗಳ ಮೇಲಿನ ಬಣ್ಣದ ಚಿತ್ರಗಳು. ಹದಿನೈದು ನಿಮಿಷದ ಚಿತ್ರ. ಧ್ವನಿಗೆ ಬೇರೆಯವರ ಕೈ ಸೇರಿದರೂ ಚಿತ್ರಗಳನ್ನು ಬಿಡಿಸಿದವರು, ಬಣ್ಣ ತುಂಬಿದವರು, ಚಲನೆ ಕೊಟ್ಟವರು ಅವರೊಬ್ಬರೇ. ಹಿಡಿದದ್ದು ಸುಮಾರು ಮೂರು ವರ್ಷ. 2006ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಅದು ಮೂರು ಪ್ರಶಸ್ತಿ ಪಡೆಯಿತು. ಮುದುಕಿಯೊಬ್ಬಳ ಬೆಳಗ್ಗೆ, ಚಹಾ, ಕಿಟಕಿ ಇವೇ ಆ ಚಿತ್ರದ ಮುಕ್ಕಾಲು ಬಂಡವಾಳ. ಹೀಗೆ ಕಿಟಕಿಯ ಬಳಿ ಕೂತ ಅಜ್ಜಿಯರು ಡೊಂಬಿವಲಿಯ, ಮೀರಾ ರೋಡಿನ ಕನ್ನಡ ಮನೆಗಳಲ್ಲಿ ಎಷ್ಟು ಜನ ಇದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ.

ಗೀತಾಂಜಲಿ ರಾವ್ ಪಳಗಿದ ಕಲಾವಿದೆ, ಅವರ ಹೆಸರು ಹೇಳಿ ನಮ್ಮನ್ನು ಹೆದರಿಸಬೇಡಿ ಎನ್ನುವವರಿಗೂ ಉತ್ತರವಿದೆ. ಅಮೆರಿಕದ ಡಾನ್ ಹರ್ಟ್ಸ್‌ಫೆಲ್ಟ್ ಎಂಬಾತ ಕಡ್ಡಿ ಮನುಷ್ಯರನ್ನು ಬಿಡಿಸುತ್ತಾನೆ. ಒಂದು ಸೊನ್ನೆ, ಐದು ಗೆರೆ. ಒಂದನೇ ಕ್ಲಾಸಿನ ಮಗುವೂ ಬಿಡಿಸಬಲ್ಲದು. ಆ ಕಡ್ಡಿ ಮನುಷ್ಯರ 'ರಿಜೆಕ್ಟೆಡ್' ಎಂಬ 2000ದ ಕಿರುಚಿತ್ರ ಆಸ್ಕರ್ ನಾಮಕರಣದವರೆಗೆ ಹೋಯಿತು. ಪುಟ್ಟ ದೇಶ ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ 'ಅವೇ' ಎಂಬ ಪೂರ್ಣಾವಧಿ ಚಿತ್ರವನ್ನು ಮೂರೂವರೆ ವರ್ಷ ಒಬ್ಬನೇ ಕೂತು ಮಾಡಿದ, ಸಂಗೀತವನ್ನೂ ಸೇರಿಸಿ. 2019ರಲ್ಲಿ ಅದು ಹೊರಬಂತು. ಅದರ ಬಲದ ಮೇಲೆ ಆತನಿಗೆ ಒಂದು ಸಣ್ಣ ತಂಡ ಸಿಕ್ಕಿತು, 'ಫ್ಲೋ' ಎಂಬ ಬೆಕ್ಕಿನ ಚಿತ್ರವಾಯಿತು, 2025ರಲ್ಲಿ ಅದಕ್ಕೆ ಆಸ್ಕರ್ ಬಂತು. ಅದನ್ನು ಮಾಡಿದ್ದು ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ. 2002ರಲ್ಲಿ ಜನರೇ ಒಂದು ಲಕ್ಷ ಯೂರೊ ಚಂದಾ ಎತ್ತಿ ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್ ಅದು, ಇಂದಿಗೂ ಪುಕ್ಕಟೆ. ಜಪಾನಿನ ಘಿಬ್ಲಿ ಸ್ಟುಡಿಯೋ ಬಳಸುತ್ತಿದ್ದ ಟೂನ್ಜ್ ಕೂಡ 2016ರಿಂದ ಓಪನ್‌ಟೂನ್ಜ್ ಎಂಬ ಹೆಸರಿನಲ್ಲಿ ಪುಕ್ಕಟೆ ಸಿಗುತ್ತದೆ. ಸಲಕರಣೆ ಇಲ್ಲ ಎಂಬ ಮಾತಿಗೆ ಈಗ ಅರ್ಥವೇ ಉಳಿದಿಲ್ಲ.

ಆದರೆ ಲಾಟ್ವಿಯಾಕ್ಕೆ ಹೋಗುವ ಮೊದಲು ನಾವು ಕೊಪ್ಪಳಕ್ಕೆ ಹೋಗಬೇಕಿತ್ತು. 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಆ ಜಿಲ್ಲೆಯವರು, ತೊಂಬತ್ತು ದಾಟಿದ ಅಜ್ಜಿ, ತೊಗಲು ಗೊಂಬೆಯಾಟದವರು. ಕರ್ನಾಟಕದ ತೊಗಲು ಗೊಂಬೆಗಳಲ್ಲಿ ಎಷ್ಟೋ ಗೊಂಬೆಗಳಿಗೆ ಕೈಕಾಲು ಬೇರೆ ಆಡುವುದೇ ಇಲ್ಲ. ಒಂದೇ ತೊಗಲಿನಲ್ಲಿ ಇಡೀ ದೃಶ್ಯ ಕೊರೆದಿರುತ್ತದೆ: ರಥ, ಕುದುರೆ, ಮರ, ಮನುಷ್ಯ ಎಲ್ಲ ಒಟ್ಟಿಗೆ. ಗೊಂಬೆ ಅಲುಗುವುದು ಸ್ವಲ್ಪ, ಅಲುಗಿಸುವುದು ದನಿ. ಪರದೆಯ ಹಿಂದಿನ ಒಬ್ಬರೇ ರಾಮನೂ ಆಗುತ್ತಾರೆ, ರಾವಣನೂ ಆಗುತ್ತಾರೆ, ನಡುನಡುವೆ ಊರ ಗೌಡನನ್ನೂ ಕಿಚಾಯಿಸುತ್ತಾರೆ. ಒಂದು ಕುಟುಂಬ, ಒಂದು ಪೆಟ್ಟಿಗೆ, ಒಂದು ಬಿಳಿ ಪರದೆ, ಒಂದು ದೀಪ. ಕಡಿಮೆ ಚಲನೆಯಲ್ಲಿ ಹೆಚ್ಚು ಕಥೆ ಹೇಳುವುದು ನಮಗೆ ಯಾರೂ ಹೊರಗಿನಿಂದ ಕಲಿಸಬೇಕಾದ ವಿದ್ಯೆಯಲ್ಲ. ಅದು ನಮ್ಮ ಸೀಮೆಯ ಸ್ವಂತ ವಿದ್ಯೆ. ಗೊಂಬೆಯ ಮೊಣಕಾಲು ನೈಜವಾಗಿ ಮಡಚಲಿಲ್ಲ ಎಂದು ಆಟ ನಡುವೆ ಬಿಟ್ಟು ಎದ್ದು ಹೋದ ಪ್ರೇಕ್ಷಕ ಯಾರಾದರೂ ಇದ್ದಾನೆಯೇ?

ಹಾಗಾದರೆ ನಮಗೆ ಈ ಹೆದರಿಕೆ ಬಂದದ್ದು ಎಲ್ಲಿಂದ? ನಾವು ಅನಿಮೇಶನ್ ಅನ್ನು ಕಲೆ ಎಂದು ಕಂಡದ್ದಕ್ಕಿಂತ ಉದ್ಯಮ ಎಂದು ಕೇಳಿದ್ದೇ ಹೆಚ್ಚು. ಕರ್ನಾಟಕ ಸರ್ಕಾರ 2012ರಲ್ಲೇ ಈ ಉದ್ಯಮಕ್ಕೊಂದು ನೀತಿ ರೂಪಿಸಿತು. 2025ರಲ್ಲಿ ಇದೇ ಮುಂಬೈಯಲ್ಲಿ ವೇವ್ಸ್ ಎಂಬ ದೊಡ್ಡ ಸಮ್ಮೇಳನವಾಯಿತು, ಸುಮಾರು 400 ಕೋಟಿ ರೂಪಾಯಿಯ ಹೊಸ ಸಂಸ್ಥೆಯ ಮಾತು ಬಂತು. ಅದೇ ವರ್ಷ ಕನ್ನಡದ ಹೊಂಬಾಳೆಯವರು ಅರ್ಪಿಸಿದ 'ಮಹಾವತಾರ ನರಸಿಂಹ' ನೂರಾರು ಕೋಟಿ ಗಳಿಸಿತು. ಇದೆಲ್ಲ ಆಗಲಿ, ಕೆಲಸ ಹುಟ್ಟಲಿ, ನಮ್ಮ ಮಕ್ಕಳಿಗೆ ಸಂಬಳ ಬರಲಿ. ಇದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಈ ಲೆಕ್ಕ ಕೇಳಿ ಕೇಳಿ ಮೂರು ನಿಮಿಷದ ಚಿತ್ರಕ್ಕೂ ಕೋಟಿಯೇ ಬೇಕು ಎಂದು ನಂಬಿಬಿಟ್ಟೆವು. ಊರಿನ ಸಕ್ಕರೆ ಕಾರ್ಖಾನೆ ನೋಡಿ ಮನೆಯಲ್ಲಿ ಕಾಫಿ ಕಾಸುವುದನ್ನು ಬಿಟ್ಟ ಹಾಗಾಯಿತು.

ಈ ನಂಬಿಕೆಯ ಮೇಲೆ ಬದುಕುವ ಅಂಗಡಿಗಳೂ ಇವೆ. ಸ್ಟೇಷನ್ ಹೊರಗಿನ ಬೋರ್ಡುಗಳನ್ನು ನೋಡಿದ್ದೀರಿ. ಲಕ್ಷಗಟ್ಟಲೆ ಶುಲ್ಕ, ನೂರು ಶೇಕಡ ಕೆಲಸದ ಭರವಸೆ. ಅಲ್ಲಿ ಕಲಿಸುವುದು ಬಹುಮಟ್ಟಿಗೆ ಸಾಫ್ಟ್‌ವೇರ್‌ನ ಬಟನ್‌ಗಳನ್ನು. ಮುಂದಿನ ಆವೃತ್ತಿಯಲ್ಲಿ ಆ ಬಟನ್‌ಗಳೇ ಜಾಗ ಬದಲಿಸುತ್ತವೆ. ನನಗೆ ಗೊತ್ತಿರುವ ಒಬ್ಬ ಹುಡುಗ ಹೀಗೆ ಎರಡು ವರ್ಷ ಕಲಿತು, ಮೂರು ವರ್ಷದಿಂದ ಒಂದು ಸ್ಟುಡಿಯೋದಲ್ಲಿ ಪಾತ್ರಗಳ ಕೂದಲು ಮಾತ್ರ ಹಾರಿಸುತ್ತಿದ್ದಾನೆ. ತುಂಬ ಚೆನ್ನಾಗಿ ಹಾರಿಸುತ್ತಾನೆ. ನೀನೇ ಒಂದು ಕಥೆ ಮಾಡು ಎಂದರೆ, ನನಗೆ ಮುಖ ಬರಲ್ಲ ಸಾರ್ ಎನ್ನುತ್ತಾನೆ. ಉದ್ಯಮಕ್ಕೆ ಬೇಕಾದ ಕೌಶಲ ಕೂದಲು ಕೂದಲಾಗಿ ಸೀಳಿದ ಕೌಶಲ. ಒಬ್ಬರೇ ಚಿತ್ರ ಮಾಡುವವರಿಗೆ ಬೇಕಾದದ್ದು ಅದಕ್ಕೆ ಪೂರ್ತಿ ಉಲ್ಟಾ: ಎಲ್ಲವೂ ಸ್ವಲ್ಪ ಸ್ವಲ್ಪ, ಹೇಳುವ ಮಾತು ಮಾತ್ರ ಪೂರ್ತಿ.

ಈಗ ಹೊಸದೊಂದು ಉತ್ತರ ಬಂದಿದೆ: ಇನ್ನು ಯಾಕೆ ಒದ್ದಾಟ, ಎಐ ಮಾಡಿಕೊಡುತ್ತದಲ್ಲ? 2025ರ ಮಾರ್ಚ್ ಕೊನೆಯಲ್ಲಿ ಎಲ್ಲರ ಮದುವೆ ಫೋಟೋ, ನಾಯಿ ಫೋಟೋ ಒಂದೇ ವಾರದಲ್ಲಿ ಘಿಬ್ಲಿ ಚಿತ್ರದಂತೆ ಬದಲಾದದ್ದು ನೆನಪಿದೆಯೇ? ಒಂದು ವಾರ ಎಲ್ಲರಿಗೂ ಖುಷಿ, ಎರಡನೇ ವಾರ ಯಾರೂ ಅದನ್ನು ತಿರುಗಿ ನೋಡಲಿಲ್ಲ. ಉಡುಪಿಯ ಅಮ್ಮನೂ, ಉಲ್ಹಾಸನಗರದ ಅಂಕಲ್ಲೂ ಒಂದೇ ಕಣ್ಣು, ಒಂದೇ ಕೆನ್ನೆ ಹೊತ್ತು ಕೂತಿದ್ದರು. ಕೌಶಲ ಕಡಿಮೆ ಇದ್ದವರಿಗೆ ಇದು ವರ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೌಶಲ ಕಡಿಮೆ ಇರುವವರಲ್ಲಿ ಒಂದು ಆಸ್ತಿ ಇದ್ದೇ ಇರುತ್ತದೆ: ಅವರ ಕೈಬರಹ. ನಿಮ್ಮ ಸೊಟ್ಟ ಗೆರೆ ನಿಮ್ಮದು. ಇನ್ನೊಬ್ಬರ ಹತ್ತಿರ ಅದು ಸಿಗುವುದಿಲ್ಲ. ಯಂತ್ರ ಮೊದಲು ಅಳಿಸುವುದೇ ಅದನ್ನು. ಧ್ವನಿಮುದ್ರಣದಲ್ಲಿ ಸೇರಿಕೊಂಡ ಫ್ಯಾನಿನ ಗೊರಗೊರ ತೆಗೆಯಲು ಯಂತ್ರ ಬಳಸಿ, ನನ್ನ ಅಡ್ಡಿಯಿಲ್ಲ. ಆದರೆ ನಿಮ್ಮ ಅಜ್ಜಿಯ ಮುಖವನ್ನು ಅದರ ಕೈಗೆ ಕೊಡಬೇಡಿ. ಅದು ನಿಮ್ಮ ಅಜ್ಜಿಯನ್ನು ನೋಡಿಲ್ಲ.

ಸರಿ, ಮಾತು ಬಿಡಿ, ಲೆಕ್ಕ ಹೇಳಿ ಎನ್ನುವ ಕಾಮರ್ಸ್ ಕಡೆಯವರೂ ನಮ್ಮಲ್ಲಿ ಬಹಳ ಜನ. ಲೆಕ್ಕ ಹೀಗಿದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಮೂರು ನಿಮಿಷಕ್ಕೆ 4,320. ಕೇಳಿದರೇ ಜ್ವರ ಬರುತ್ತದೆ. ಆದರೆ ಪ್ರತಿ ಚಿತ್ರವನ್ನು ಎರಡು ಫ್ರೇಮ್ ಹಿಡಿಯುವುದು ದೊಡ್ಡ ಸ್ಟುಡಿಯೋಗಳಲ್ಲೂ ರೂಢಿ, ಆಗ 2,160. ಮೂರು ಫ್ರೇಮ್ ಹಿಡಿದರೆ ಸೆಕೆಂಡಿಗೆ 8 ಚಿತ್ರ, ಒಟ್ಟು 1,440. ಅದರಲ್ಲಿ ಅರ್ಧ ಹೊತ್ತು ಪಾತ್ರ ಸುಮ್ಮನೆ ಕೂತಿರಲಿ, ಕಿಟಕಿಯಾಚೆ ಲೋಕಲ್ ಮಾತ್ರ ಹೋಗಲಿ. ಓಡುವ ಲೋಕಲ್‌ಗೆ ಆರೇಳು ಚಿತ್ರ ಮಾಡಿ ಅವನ್ನೇ ಮತ್ತೆ ಮತ್ತೆ ತಿರುಗಿಸಿ. ಉಳಿಯುವುದು ಏಳುನೂರರ ಸುಮಾರು. ದಿನಕ್ಕೆ ಇಪ್ಪತ್ತು ಬಿಡಿಸಿದರೆ ಮೂವತ್ತೈದು ದಿನ. ಒಂದು ಚಿತ್ರಕ್ಕೆ ಮೂರು ನಿಮಿಷ ಎಂದರೆ ದಿನಕ್ಕೆ ಒಂದು ಗಂಟೆ. ರಜೆ, ಜ್ವರ, ಆಫೀಸಿನ ಡೆಡ್‌ಲೈನ್, ಮನೆಗೆ ಬಂದ ನೆಂಟರು ಎಲ್ಲ ಸೇರಿಸಿಕೊಂಡರೂ ಒಂದು ಮಳೆಗಾಲ ಸಾಕು. ನಾವು ಒಂದು ಮಳೆಗಾಲದಲ್ಲಿ ಮೊಬೈಲಿನಲ್ಲಿ ಎಷ್ಟು ಗಂಟೆ ರೀಲ್ಸ್ ತಳ್ಳುತ್ತೇವೆ ಎಂಬ ಲೆಕ್ಕವನ್ನು ನಾನು ಕೇಳುವುದಿಲ್ಲ.

ಬಿಡಿಸಲು ಬರುವುದೇ ಇಲ್ಲವೇ? ಕತ್ತರಿಸಿ. ಹಳೆಯ ಲಗ್ನಪತ್ರಿಕೆ, ಹಾಲಿನ ಪ್ಯಾಕೆಟ್, ಔಷಧಿಯ ಡಬ್ಬಿ, ರೇಲ್ವೆ ಟಿಕೇಟು. ಕೈಕಾಲುಗಳನ್ನು ಬೇರೆ ಬೇರೆ ಕತ್ತರಿಸಿ ನೆಲದ ಮೇಲೆ ಜೋಡಿಸಿ, ಎರಡು ಕಡೆ ಸ್ಟೀಲ್ ಡಬ್ಬ ಪೇರಿಸಿ, ಮೇಲೆ ಒಂದು ಪಟ್ಟಿ ಅಡ್ಡ ಇಟ್ಟು, ಮೊಬೈಲನ್ನು ಕೆಳಮುಖವಾಗಿ ಕೂರಿಸಿ. ಒಂದೊಂದು ಎಳ್ಳಷ್ಟು ಸರಿಸಿ, ಒಂದೊಂದು ಫೋಟೋ. ಕೆಲವು ಮಾತು ಮಾತ್ರ ನೆನಪಿರಲಿ. ಮೊಬೈಲಿನಲ್ಲಿ ಬೆಳಕನ್ನೂ ಫೋಕಸ್ಸನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಚಿತ್ರ ಮಿಣಮಿಣ ಎನ್ನುತ್ತದೆ. ಹಗಲಿನ ಬೆಳಕನ್ನು ನಂಬಬೇಡಿ, ಮೋಡ ಬಂದರೆ ನಿಮ್ಮ ಪಾತ್ರಕ್ಕೂ ಗ್ರಹಣ. ರಾತ್ರಿ ಪರದೆ ಎಳೆದು ಒಂದೇ ದೀಪದಲ್ಲಿ ತೆಗೆಯಿರಿ. ಫ್ಯಾನ್ ಆಫ್ ಮಾಡಲೇಬೇಕು. ಮೇ ತಿಂಗಳ ಮುಂಬೈಯಲ್ಲಿ ಇದೇ ಇಡೀ ಕಲೆಯ ಅತಿ ದೊಡ್ಡ ತ್ಯಾಗ. ಹಳಿಯ ಪಕ್ಕದ ಮನೆಯಾದರೆ ಗಾಡಿ ಹೋದಾಗಲೆಲ್ಲ ಕಾಗದದ ಮನುಷ್ಯ ಒಂದು ಕೂದಲೆಳೆಯಷ್ಟು ಅಲುಗುತ್ತಾನೆ. ಅಲುಗಲಿ ಬಿಡಿ, ಈ ಊರಿನಲ್ಲಿ ನಾವೆಲ್ಲ ಹಾಗೇ ಅಲ್ಲವೇ?

ಆದರೆ ಚಿತ್ರಕ್ಕಿಂತ ಮೊದಲು ದನಿ. ನನ್ನ ವಾದದ ತಿರುಳು ಇರುವುದು ಇಲ್ಲಿ. ಮುಂಬೈಯ ಕನ್ನಡ ಒಂದಲ್ಲ. ಒಂದೇ ಕಟ್ಟಡದಲ್ಲಿ ಕುಂದಾಪುರದ ಕನ್ನಡ, ಧಾರವಾಡದ ಕನ್ನಡ, ಕಾರವಾರ ಅಂಕೋಲೆಯ ಕನ್ನಡ, ಸೊಲ್ಲಾಪುರ ಅಕ್ಕಲಕೋಟೆ ಕಡೆಯ ಮರಾಠಿ ಬೆರೆತ ಕನ್ನಡ, ತುಳು ಮನೆಮಾತಿನವರ ಕನ್ನಡ ಎಲ್ಲ ಒಟ್ಟಿಗೆ ಲಿಫ್ಟಿಗೆ ಕಾಯುತ್ತವೆ. ಟಿವಿಯ ಕಾರ್ಟೂನ್‌ಗಳ ಡಬ್ಬಿಂಗ್ ಕನ್ನಡದಲ್ಲಿ ಇವ್ಯಾವುವೂ ಇಲ್ಲ. ಅಲ್ಲಿರುವುದು ಯಾವ ಊರಿಗೂ ಸೇರದ, ಇಸ್ತ್ರಿ ಹಾಕಿದ ಕನ್ನಡ. ನಮ್ಮ ಮಕ್ಕಳಾದರೋ 'ಮೋಟು ಪತ್ಲು'ವನ್ನು ಹಿಂದಿಯಲ್ಲಿ ನೋಡಿ ಬೆಳೆದವರು. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಬರಿದಾದವು. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ಕನ್ನಡ ಓದಿತು, ಬರೆಯಿತು. ಅವರ ಮೊಮ್ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು.

ಇದರ ಅರ್ಥ ಸ್ವಲ್ಪ ಯೋಚಿಸಿ. ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತ, ಬಾಂದ್ರಾದ ಸಮುದ್ರದೆದುರಿನ ಮನೆಯಲ್ಲಿ ಕೂತು ಯಶವಂತ ಚಿತ್ತಾಲರು 'ಶಿಕಾರಿ' ಬರೆದರು. ಔಷಧ ಕಂಪನಿಯ ಕೆಲಸದ ನಡುವೆ ಜಯಂತ ಕಾಯ್ಕಿಣಿ ಈ ಊರಿನ ಚಾಳುಗಳನ್ನೂ ಥಿಯೇಟರುಗಳನ್ನೂ ಕನ್ನಡಕ್ಕೆ ತಂದರು. ಅವರು ಯಾರೂ ಬಜೆಟ್ ಕೇಳಲಿಲ್ಲ, ನೌಕರಿ ಬಿಟ್ಟು ಬರೆಯುತ್ತೇನೆ ಎಂದು ಕಾಯಲಿಲ್ಲ. ಮುಂಬೈ ಕನ್ನಡದ ಒಳ್ಳೆಯ ಸಾಹಿತ್ಯ ಬಹುಪಾಲು ಆಫೀಸು ಮುಗಿದ ಮೇಲಿನ ಸಾಹಿತ್ಯ. ಆದರೆ ಆ ಪುಸ್ತಕಗಳು ಕಪಾಟಿನಲ್ಲಿವೆ, ಅದೇ ಮನೆಯ ಹುಡುಗಿಗೆ ಅಕ್ಷರ ಬಾರದು. ಅವಳ ಕಿವಿ ಮಾತ್ರ ಇನ್ನೂ ಕನ್ನಡದ್ದೇ. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಆ ಕಿವಿಗೆ ಏನೂ ಬೀಳದಿದ್ದರೆ ಅದೂ ಮುಚ್ಚಿಕೊಳ್ಳುತ್ತದೆ. ಕಥೆ ಹೇಳಬಲ್ಲ ಹಿರಿಯರು ಆಗ ಇರುವುದಿಲ್ಲ. ಅಕ್ಷರವಿಲ್ಲದೆ ಕಿವಿಯಿಂದ ಒಳಗೆ ಹೋಗುವ, ಒಬ್ಬರೇ ಮಾಡಬಹುದಾದ, ದುಡ್ಡು ಬೇಡದ ಕಥನವೊಂದು ಈಗ ನಮ್ಮ ಕೈಯಳತೆಯಲ್ಲಿದೆ. ಅದನ್ನು ನಾವು ಮೊಣಕಾಲು ಸರಿಯಾಗಿ ಮಡಚುವುದಿಲ್ಲ ಎಂದು ಮುಟ್ಟದೆ ಬಿಟ್ಟಿದ್ದೇವೆ!

ಹಾಗಾಗಿ ಮೊದಲ ಕೆಲಸ ಮೊಬೈಲ್ ತೆಗೆದುಕೊಂಡು ಹಿರಿಯರೊಬ್ಬರ ಎದುರು ಕೂರುವುದು. ಸಂದರ್ಶನ ಬೇಡ, ಭಾಷಣ ಬೇಡ. ಮೊದಲ ಸಲ ಬೋರಿಬಂದರಿನಲ್ಲಿ ಇಳಿದಾಗ ಕೈಯಲ್ಲಿ ಏನಿತ್ತು ಅಜ್ಜಾ, ಎಂದು ಕೇಳಿ ಸುಮ್ಮನಾಗಿ. ಅತ್ತೆ ಮನೆಯ ಒಂದೇ ಖೋಲಿಯಲ್ಲಿ ಎಂಟು ಜನ ಹೇಗೆ ಮಲಗುತ್ತಿದ್ದಿರಿ ದೊಡ್ಡಮ್ಮಾ, ಎಂದು ಕೇಳಿ. ಇಡ್ಲಿ ಹಿಟ್ಟು ರುಬ್ಬುವ ಕಲ್ಲಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುವವರೂ ಸಿಗುತ್ತಾರೆ. ಆ ದನಿಯಲ್ಲಿ ಎರಡು ನಿಮಿಷ ಆರಿಸಿಕೊಳ್ಳಿ. ಚಿತ್ರ ಆ ದನಿಯ ಹಿಂದೆ ನಡೆಯಲಿ. ದನಿ ನಿಜವಾಗಿದ್ದರೆ ಕಾಗದದ ಗೊಂಬೆ ಸುಳ್ಳು ಎನಿಸುವುದಿಲ್ಲ. ಕ್ಯಾಮೆರಾ ತಿರುಗಿಸಿದರೆ ಬಾಯಿ ಕಟ್ಟುವ ಅತ್ತೆಯಂದಿರು ಬರೀ ದನಿ ಎಂದರೆ ನಿರಾಳವಾಗಿ ಮಾತಾಡುತ್ತಾರೆ. ಮುಖ ತೋರಿಸಲಾಗದ ಕಥೆಗಳೂ ಎಷ್ಟೋ ಇವೆ. ಸಾಲದ್ದು, ಮೋಸದ್ದು, ಮನೆಯೊಳಗಿನ ಹಿಂಸೆಯದ್ದು. ಅವನ್ನು ಹೇಳಲು ಇದಕ್ಕಿಂತ ಮರ್ಯಾದೆಯ ಮಾರ್ಗ ಇಲ್ಲ. ಹೇಳಿದವರ ಒಪ್ಪಿಗೆ ಪಡೆದೇ ತೋರಿಸಿ, ಅಷ್ಟೇ.

ನನ್ನ ಮಾತಿಗೆ ಇರುವ ಎರಡು ಗಟ್ಟಿ ಆಕ್ಷೇಪಗಳನ್ನು ತಳ್ಳಿಹಾಕಲಾರೆ. ಮೊದಲನೆಯದು: ಬಜೆಟ್ ಬೇಡ ಎನ್ನುವುದು ಸಂಬಳ ಕೊಡದವರಿಗೆ ಹಾಡಿದ ಮಂಗಳಾರತಿಯಾಗುವುದಿಲ್ಲವೇ? ಆಗಕೂಡದು. ಬೇರೆಯವರಿಗಾಗಿ ಬಿಡಿಸಿದ ಒಂದೊಂದು ಗೆರೆಗೂ ದುಡ್ಡು ಕೇಳಿ ತೆಗೆದುಕೊಳ್ಳಿ. ಹೆಸರು ಬರುತ್ತದೆ, ಪ್ರಚಾರ ಸಿಗುತ್ತದೆ ಎಂದು ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವವರಿಗೆ ಇಲ್ಲ ಎನ್ನಿ. ನಾನು ಹೇಳುತ್ತಿರುವುದು ನಿಮಗಾಗಿ ನೀವು ಮಾಡುವ ಚಿತ್ರದ ಮಾತು. ಕಂಪನಿಯ ಪತ್ರ ಟೈಪಿಸಲು ಸಂಬಳ ಪಡೆಯುವವನೇ ರಾತ್ರಿ ಕವಿತೆ ಬರೆಯುತ್ತಾನೆ, ಎರಡನ್ನೂ ಯಾರೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಎರಡನೆಯದು ಹೊತ್ತು ಮತ್ತು ಜಾಗ. ಇದು ಬಜೆಟ್‌ಗಿಂತ ನಿಜವಾದ ಬಡತನ. ನಾಲಾಸೋಪಾರಾದಿಂದ ನಿಂತೇ ಹೋಗಿ ನಿಂತೇ ಬರುವವನಿಗೆ, ನಾಲ್ಕು ಜನ ಹಂಚಿಕೊಂಡ ಖೋಲಿಯ ವಿದ್ಯಾರ್ಥಿಗೆ, ಆಫೀಸಿನಿಂದ ಬಂದು ಅಡುಗೆಮನೆಗೆ ಹಾಜರಿ ಹಾಕುವ ಹೆಣ್ಣುಮಗಳಿಗೆ ದಿನಕ್ಕೊಂದು ಗಂಟೆ ಎನ್ನುವುದು ಸುಲಭದ ಮಾತಲ್ಲ. ಸರಸ್ವತೀಬಾಯಿಯವರ ಹೊತ್ತಿಗೆ ಯಾರೂ ಲೆಕ್ಕ ಇಡಲಿಲ್ಲ ಎಂಬುದನ್ನೂ ಮರೆಯಬಾರದು. ಅದಕ್ಕೇ ಚಿತ್ರ ಚಿಕ್ಕದಾಗಿರಲಿ ಎನ್ನುತ್ತಿದ್ದೇನೆ. ಮೂರು ನಿಮಿಷ ಆಗದಿದ್ದರೆ ನಲವತ್ತು ಸೆಕೆಂಡ್. ನಮ್ಮ ವಚನಗಳೂ ಗಾದೆಗಳೂ ಎಷ್ಟು ಉದ್ದ ಇದ್ದವು? ಮನೆಯ ಗಂಡಸರು ಆ ಒಂದು ಗಂಟೆ ಕುಕ್ಕರಿನ ಸೀಟಿ ಎಣಿಸಿದರೆ ಅದೂ ಕನ್ನಡ ಸೇವೆಯೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಸೀಮಿತ ಕೌಶಲ ಬೇರೆ, ಸೋಮಾರಿತನ ಬೇರೆ. ಕೈ ಸೊಟ್ಟಗಿರಬಹುದು, ಕಣ್ಣು ಸೊಟ್ಟಗಿರಬಾರದು. ಅಂಚಿನ ಸೀರೆಯ ಸೆರಗನ್ನು ಅಜ್ಜಿ ಯಾವ ಕೈಯಲ್ಲಿ ಎಳೆದುಕೊಳ್ಳುತ್ತಾಳೆ, ಡಬ್ಬಾದ ಮುಚ್ಚಳ ಯಾವ ಕಡೆಗೆ ತಿರುಗುತ್ತದೆ, ಲೋಕಲ್ ನಿಲ್ಲುವ ಮೊದಲೇ ಜನ ಹೇಗೆ ಬಾಗುತ್ತಾರೆ ಎಂಬುದನ್ನು ನೋಡದವನ ಚಿತ್ರವನ್ನು ಯಾವ ಸಾಫ್ಟ್‌ವೇರೂ ಎತ್ತಲಾರದು. ಪಾಪ, ಒಬ್ಬನೇ ಮಾಡಿದ್ದಾನೆ ಎಂದು ಯಾರೂ ಮೆಚ್ಚಬೇಕಿಲ್ಲ. ಕಥೆಗೆ ಕೊಡದ ರಿಯಾಯಿತಿಯನ್ನು ಚಿತ್ರಕ್ಕೂ ಕೊಡುವುದು ಬೇಡ. 1974ರ 'ಏಕ್ ಅನೇಕ್ ಔರ್ ಏಕತಾ' ಚಿತ್ರವನ್ನು ನೆನೆಯಿರಿ. ಸರ್ಕಾರಿ ಫಿಲ್ಮ್ಸ್ ಡಿವಿಜನ್‌ನ ಸರಳ ಗೆರೆಯ, ಏಳು ನಿಮಿಷದ ಚಿತ್ರ. ದೂರದರ್ಶನ ನೋಡಿ ಬೆಳೆದವರಿಗೆ ಅದರ ಹಕ್ಕಿಗಳು ಇವತ್ತಿಗೂ ಕಣ್ಣ ಮುಂದೆ ಇವೆ. ಅದು ನೆನಪಿನಲ್ಲಿ ಉಳಿದದ್ದು ಗೆರೆ ಸರಳವಾಗಿದ್ದರೂ ಲೆಕ್ಕ ತಪ್ಪಿರಲಿಲ್ಲ ಎಂಬ ಕಾರಣಕ್ಕೆ.

ಇನ್ನು ನಮ್ಮ ಸಂಘಸಂಸ್ಥೆಗಳು. ಈ ಊರಿನಲ್ಲಿ ಕನ್ನಡ ಉಳಿದದ್ದು ಅವುಗಳಿಂದ, ಆ ಋಣ ದೊಡ್ಡದು. ಆದರೆ ವಾರ್ಷಿಕೋತ್ಸವದ ಆಮಂತ್ರಣ ತೆರೆದು ನೋಡಿ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ಸನ್ಮಾನ, ಮತ್ತೆ ಸನ್ಮಾನ, ಅತಿಥಿಗಳ ನಾಲ್ಕು ಮಾತು (ನಾಲ್ಕು ಎಂದರೆ ನಲವತ್ತು ನಿಮಿಷ), ಅಧ್ಯಕ್ಷರ ಭಾಷಣ. ಇಂಥ ಒಂದು ಕಾರ್ಯಕ್ರಮದಲ್ಲಿ ಕಾಲೇಜು ಹುಡುಗಿಯೊಬ್ಬಳು ಮಾಡಿದ ಎರಡೂವರೆ ನಿಮಿಷದ ಚಿತ್ರ ತೋರಿಸಲು ಅವಕಾಶ ಕೇಳಿದ್ದೆವು. ಸಮಯದ ಅಭಾವ ಎಂಬ ಉತ್ತರ ಬಂತು. ಆ ದಿನ ಹಾಕಿದ ಶಾಲುಗಳನ್ನು ನಾನು ಎಣಿಸಿದೆ, ಹದಿನೇಳು. ಎರಡು ಶಾಲು ಹಾಕುವ ಹೊತ್ತಿನಲ್ಲಿ ಅವಳ ಚಿತ್ರ ಮುಗಿಯುತ್ತಿತ್ತು. ಸಭಾಂಗಣ ಇದೆ, ಪ್ರೊಜೆಕ್ಟರ್ ಇದೆ, ಕೂತ ಜನ ಇದ್ದಾರೆ. ಇಲ್ಲದ್ದು ಬಜೆಟ್ಟೇ? ಇಲ್ಲದ್ದು ಮನಸ್ಸು.

ನೋಡುವವರು ಎಲ್ಲಿದ್ದಾರೆ, ಎಷ್ಟು ವ್ಯೂಸ್ ಬರುತ್ತದೆ ಎಂದು ಕೇಳುವವರಿಗೆ ಒಂದೇ ಮಾತು. ನಮ್ಮ ಈ ಪತ್ರಿಕೆಯ ಕವಿಗೆ ನಿನ್ನ ಕವಿತೆಗೆ ಎಷ್ಟು ವ್ಯೂಸ್ ಎಂದು ಯಾರಾದರೂ ಕೇಳಿದ್ದೀರಾ? ಬರೆಯಬೇಕಿತ್ತು, ಬರೆದ, ಓದಬೇಕಾದ ಹತ್ತು ಜನ ಓದಿದರು. ಅಷ್ಟು ಸಾಕು ಎಂದು ಒಪ್ಪಿಕೊಂಡೇ ನಾವು ಸಾಹಿತ್ಯ ಮಾಡುತ್ತಿದ್ದೇವೆ. ಆ ಹತ್ತು ಜನರನ್ನು ಚಿತ್ರ ಮಾಡುವವರಿಗೂ ಕೊಡೋಣ. ಇಲ್ಲಿ ಕವಿತೆಯ ಪಕ್ಕದಲ್ಲೇ ಚಿತ್ರಕ್ಕೂ ಒಂದು ಜಾಗ ಇರಲಿ. ಅದಕ್ಕೆ ವಿಮರ್ಶೆಯೂ ಬರಲಿ, ಬೆನ್ನು ತಟ್ಟುವ ಎರಡು ಸಾಲಲ್ಲ, ಕಥೆಯನ್ನು ಬಿಚ್ಚಿ ನೋಡುವಂಥ ವಿಮರ್ಶೆ. ಸ್ಟುಡಿಯೋದಲ್ಲಿ ದುಡಿಯುವ ನಮ್ಮವರು ತಿಂಗಳಿಗೆ ಒಂದು ಭಾನುವಾರ ಮಾಟುಂಗದಲ್ಲೋ ಮಾಹಿಮಿನಲ್ಲೋ ಕೂತು ಹೊಸಬರಿಗೆ ಫ್ರೇಮ್ ಹಿಡಿಯುವುದನ್ನು ತೋರಿಸಲಿ, ಬದಲಿಗೆ ಹೊಸಬರಿಂದ ಹೆದರದೆ ಇರುವುದನ್ನು ಕಲಿಯಲಿ. ಕೂದಲು ಹಾರಿಸುವ ಆ ಹುಡುಗನಿಗೂ ಹೇಳಿದ್ದೇನೆ: ಮುಖ ಬರದಿದ್ದರೆ ಬೆನ್ನು ಬಿಡಿಸು ಮಾರಾಯ. ಲೋಕಲ್‌ನಲ್ಲಿ ನಾವು ದಿನಾ ನೋಡುವುದು ಬೆನ್ನುಗಳನ್ನೇ ತಾನೆ?